ಕಟ್ಟಿನ ಹುಲ್ಲಿಗೆ ಹೊಕ್ಕ ಹಸು

ಹುಲ್ಲು ಬೆಳೆಯಲೆಂದು ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಊರು ಹಾಕಿದ್ದ ಕಟ್ಟು ಬಿಡಲು ಇನ್ನೂ ಎರಡು ದಿನವಿತ್ತು. ಅಲ್ಲಿಯವರೆಗೆ ಅಲ್ಲಿ ದನವೂ ಕಾಲಿಡುವಂತಿಲ್ಲ, ದನದ ಒಡೆಯರೂ ಕಾಲಿಡುವಂತಿಲ್ಲ. ಯಾರ ದನ ಹೊಕ್ಕಿತೋ ಅವರು ಊರಿನ ಹನ್ನೆರಡು ಹಿರಿಯರಿಗೂ ಊಟ ಹಾಕಬೇಕು. ಕಾವಲುಗಾರ ಝಾಯಿದ್ ದಿನಾ ಸಂಜೆ ಇದನ್ನು ಮನೆಮನೆಗೂ ಸಾರುತ್ತಿದ್ದ. ತೂಡಾಳ ಬಾಗಿಲಲ್ಲಿ ಒಂದಿಷ್ಟು ಜೋರಾಗಿಯೇ ಸಾರುತ್ತಿದ್ದ. ಮುದುಕಿ ಹೆದರುವುದನ್ನು ನೋಡುವುದು ಅವನಿಗೊಂದು ಮಜಾ.

ಅಂದು ಬೆಳಿಗ್ಗೆ ತೂಡಾ ಎದ್ದು ನೋಡಿದರೆ ಕೊಟ್ಟಿಗೆ ಖಾಲಿ. ಮಾಳಿಗೆ ಹತ್ತಿದಳು. ದೂರದಲ್ಲಿ, ಕಟ್ಟಿನ ಹುಲ್ಲಿನ ನಟ್ಟನಡುವೆ, ಕೆಂಪು ಹಸುವೊಂದು ನೆಮ್ಮದಿಯಾಗಿ ಮೇಯುತ್ತಿತ್ತು. ಅವಳ ಹಸುವೂ ಕೆಂಪೇ.

ಓಡಿಹೋಗಿ ಎಳೆದು ತರೋಣವೆಂದರೆ ತಾನೂ ಕಟ್ಟು ಮುರಿದಂತಾಗುತ್ತದೆ. ಸೊಸೆ ಇಜ್ಜಾಳನ್ನು ಕೇಳೋಣವೆಂದರೆ ಅವಳು ನಸುಕಿನಲ್ಲೇ ಹೊಲಕ್ಕೆ ಹೋಗಿದ್ದಳು. ಅತ್ತೆಯ ಕಾಲದಿಂದಲೂ ಈ ಮನೆಯ ಮೇಲೆ ಒಂದು ತಪ್ಪು ಬಂದದ್ದಿಲ್ಲ. ಹಿರಿಯರು ಕೇಳುವ ಮುಂಚೆ ತಾನೇ ಊಟ ಹಾಕಿಬಿಟ್ಟರೆ ಅರ್ಧ ಮಾನವಾದರೂ ಉಳಿದೀತು ಎಂದುಕೊಂಡಳು. ಇದ್ದ ಎರಡೇ ಕೋಳಿಗಳನ್ನು ಪಕ್ಕದ ಮನೆಯ ಮುದುಕನಿಂದ ಕೊಯ್ಯಿಸಿದಳು. ಕುಂಬಳ, ಕ್ಯಾರೆಟ್ ಹೆಚ್ಚಿ ಕೋಳಿಯ ಜೊತೆ ದೊಡ್ಡ ಪಾತ್ರೆಗೆ ಹಾಕಿ, ಅದರ ಹಬೆಯ ಮೇಲೆ ಗೋಧಿ ರವೆಯ ಕುಸ್‌ಕುಸ್ ಬೇಯಲಿಟ್ಟಳು.

ಹೊತ್ತೇರಿದ ಮೇಲೆ ಇಜ್ಜಾ ಬಂದಳು.

"ಇದೇನತ್ತೆ, ಯಾವ ಹಬ್ಬ? ಮೊಟ್ಟೆ ಇಡೋ ಕೋಳೀನೂ ಹೋಯ್ತಾ?"

"ನಮ್ಮ ಹಸು ಮೇಲೆ ಹೋಗಿದೆ ಕಣೇ. ಕಣ್ಣಾರೆ ನೋಡಿದೆ."

"ನಮ್ಮ ಹಸು ಹೊಳೆ ಆಚೆ ನಮ್ಮಪ್ಪನ ಕೊಟ್ಟಿಗೇಲಿ ಮೆಲುಕು ಹಾಕ್ತಾ ಮಲಗಿದೆ! ನಿನ್ನೆ ಹತ್ತು ಸಲ ‘ಹಸು ಹೋದೀತು, ಹಸು ಹೋದೀತು’ ಅಂತ ನನ್ನ ಪ್ರಾಣ ತಿಂದ್ರಲ್ಲ? ಅದಕ್ಕೇ ಬೆಳಿಗ್ಗೆ ಅಲ್ಲಿ ಕಟ್ಟಿ ಬಂದೆ."

ತೂಡಾ ಒಮ್ಮೆ ಸೊಸೆಯನ್ನು, ಒಮ್ಮೆ ಪಾತ್ರೆಯನ್ನು ನೋಡಿದಳು. "ಹಾಗಾದ್ರೆ ಮೇಲಿರೋದು ಯಾರದು?"

ಅಷ್ಟರಲ್ಲಿ ಬಾಗಿಲಲ್ಲಿ ಝಾಯಿದ್ ಬಂದು ನಿಂತ. ಅವನನ್ನು ಕಂಡದ್ದೇ ತಡ, "ನಮ್ಮದಲ್ಲಪ್ಪಾ!" ಎಂದಳು ತೂಡಾ.

"ಗೊತ್ತು ಚಿಕ್ಕಮ್ಮ," ಎಂದು ಅವನು ನೆಲ ನೋಡಿದ. "ನನ್ನದು."

"ಯಾರದು?" ಎಂದಳು ಇಜ್ಜಾ. "ದಿನಾ ಸಾರೋ ಹಾಗೆ ಗಟ್ಟಿಯಾಗಿ ಸಾರಣ್ಣ, ಕೇಳಿಸಲಿಲ್ಲ."

"ಊರಿನ ದನ ಕಾಯೋದ್ರಲ್ಲಿ ನನ್ನ ಕೊಟ್ಟಿಗೆ ಅಗುಳಿ ಹಾಕೋದೇ ಮರೆತೆ ಕಣಮ್ಮ. ಹೆಂಡತಿ ತವರಿಗೆ ಹೋಗಿದ್ದಾಳೆ. ಮಧ್ಯಾಹ್ನದ ನಮಾಜು ಮುಗಿಸಿ ಹನ್ನೆರಡೂ ಜನ ಬಂದು ಕೂರ್ತಾರೆ. ಚಿಕ್ಕಮ್ಮ, ನೀವು ಏನಾದ್ರೂ ಬೇಯಿಸಿ..." ಮಾತು ಮುಗಿಯುವ ಮೊದಲೇ ಅವನ ಮೂಗು ಒಲೆಯ ಕಡೆ ತಿರುಗಿತು.

ತೂಡಾಳ ಎದೆಯ ಮೇಲಿನ ಕಲ್ಲು ಇಳಿಯಿತು. ಇಳಿದದ್ದೇ, ದನಿಯೂ ಬಂತು.

"ಬೆಂದಾಗಿದೆ, ಹೊತ್ಕೊಂಡು ಹೋಗು. ನಾಳೆ ಮೂರು ಕೋಳಿ ತಂದು ಬಿಡು."

"ಪಾತ್ರೇಲಿರೋದು ಎರಡಲ್ವಾ?"

"ಇನ್ನೊಂದು, ಬೆಳಿಗ್ಗೆಯಿಂದ ನನ್ನ ಎದೆ ಹೊಡ್ಕೊಂಡಿದ್ದಕ್ಕೆ."

ಅವನು ಮೂರಕ್ಕೂ ತಲೆಯಾಡಿಸಿ ಪಾತ್ರೆ ಹೊತ್ತು ನಡೆದ. ತೂಡಾ ಗೋಡೆಗೆ ಒರಗಿ ಕುಳಿತು ಅಂದಿನ ಮೊದಲ ತುಂಡು ರೊಟ್ಟಿ ಮುರಿದಳು. ಬಾಯಿಗಿಡುವಷ್ಟರಲ್ಲಿ ಬೆಚ್ಚಿಬಿದ್ದಳು.

"ಅಯ್ಯೋ ಇಜ್ಜಾ, ಗಾಬರೀಲಿ ಉಪ್ಪು ಎರಡು ಸಲ ಹಾಕಿದೆನೇನೋ!"

"ಹಾಕಿದ್ರೆ ಏನಂತೆ? ಬೈಸಿಕೊಳ್ಳೋನು ಅವನು ತಾನೇ?"

ತೂಡಾ ಯೋಚಿಸಿದಳು. ಹೌದಲ್ಲ, ಅನ್ನಿಸಿತು. ರೊಟ್ಟಿ ಕೈಯಲ್ಲಿರುವಾಗಲೇ ಅವಳಿಗೆ ನಿದ್ದೆ ಹತ್ತಿತು.