ಸಂಜೆಯ ಬೆಲೆ ನೋಡಿ ಬೆಳಗ್ಗೆ ಕೊಂಡವನು

ಮಂಡಿನೋವು ಯಾರ ಮನೆಯಲ್ಲಿಲ್ಲ ಹೇಳಿ! ಈ ಅಕ್ಕನಿಗಂತೂ ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಆಪರೇಷನ್ನಿಗೆಂದು ದುಡ್ಡು ಕೂಡಿಟ್ಟಿದ್ದಳು. ಆಸ್ಪತ್ರೆಯಲ್ಲಿ ಆಪರೇಷನ್ನಿನ ದಿನವೂ ನಿಗದಿಯಾಗಿತ್ತು. ಅಷ್ಟರಲ್ಲಿ ಅಡ್ಡ ಬಂದ ನೋಡಿ, ಒಡಹುಟ್ಟಿದ ತಮ್ಮ!

ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. ಯಾವ ಷೇರು ಯಾವಾಗ ಕೊಳ್ಳಬೇಕು, ಯಾವಾಗ ಮಾರಬೇಕು ಎಂದು ಸೂಚನೆ ಕೊಡುವ ಪ್ರೋಗ್ರಾಂ ಒಂದನ್ನು ತಾನೇ ಬರೆದಿದ್ದ. ಹಳೆಯ ಬೆಲೆಗಳ ಮೇಲೆ ಓಡಿಸಿದರೆ ಲಾಭವೋ ಲಾಭ. ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಅಕ್ಕಾ, ಆಪರೇಷನ್ ಸ್ವಲ್ಪ ಮುಂದಕ್ಕೆ ಹಾಕು. ದುಡ್ಡು ನನಗೆ ಕೊಡು. ಒಂದಲ್ಲ, ಎರಡೂ ಮಂಡಿ ಮಾಡಿಸೋಣ!"

"ನಾಳೆ ಆಗೋದನ್ನ ಕಂಡೋರು ಯಾರಪ್ಪಾ?" ಎಂದರು ಭಾವ.

"ನಿಮಗೆ ಇದೆಲ್ಲ ಅರ್ಥ ಆಗಲ್ಲ ಬಿಡಿ ಭಾವ. ಇದು ಲೆಕ್ಕ, ಜೂಜಲ್ಲ."

ಅಕ್ಕನಿಗೆ ತಮ್ಮ ಹೇಳಿದ್ದೇ ವೇದವಾಕ್ಯ. ಆಸ್ಪತ್ರೆಗೆ ಫೋನ್ ಮಾಡಿ ತನ್ನ ಸರದಿ ಬಿಟ್ಟುಕೊಟ್ಟಳು, ದುಡ್ಡನ್ನು ಅವನ ಖಾತೆಗೆ ಹಾಕಿದಳು.

ಮರುದಿನ ಅಂಗಡಿಗೆ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಮೇಡಂ ಬಂದರು, ಲ್ಯಾಪ್‌ಟಾಪಿನ ಫ್ಯಾನ್ ಗೊರಗೊರ ಅನ್ನುತ್ತಿದೆಯೆಂದು. ಇವನ ಬಾಯಿ ಸುಮ್ಮನಿದ್ದೀತೇ? ತನ್ನ ಪ್ರತಾಪವನ್ನೆಲ್ಲ ತೆರೆದು ತೋರಿಸಿದ. ಮೇಡಂ ಸಾಲುಸಾಲಾಗಿ ಓದಿದರು.

"ಬೆಳಗ್ಗೆ ಮಾರ್ಕೆಟ್ ತೆರೆದಾಗ ಕೊಳ್ತೀರಿ, ಅಲ್ವಾ?"

"ಹೌದು ಮೇಡಂ."

"ಯಾವ ಬೆಲೆ ನೋಡಿ?"

"ಅವತ್ತಿಂದೇ. ದಿನದ ಕೊನೇ ಬೆಲೆ."

"ಅಯ್ಯೋ, ಸಂಜೆ ಬೆಲೆ ನಿಮಗೆ ಬೆಳಗ್ಗೆ ಯಾರು ಹೇಳಿದ್ರು?"

ತಮ್ಮ ಪರದೆಯತ್ತ ಬಗ್ಗಿ ಆ ಸಾಲನ್ನು ಮತ್ತೊಮ್ಮೆ ಓದಿದ.

"ಹಳೇ ಬೆಲೆ ಎಲ್ಲಾ ಕಂಪ್ಯೂಟರ್‌ನಲ್ಲಿ ಮೊದಲೇ ಇರುತ್ತಲ್ಲ, ಅದಕ್ಕೇ ನಿಮಗೆ ಗೊತ್ತಾಗಿಲ್ಲ. ಇದು ಉತ್ತರ ನೋಡ್ಕೊಂಡು ಪರೀಕ್ಷೆ ಬರೆದ ಹಾಗಾಯ್ತು. ಹಿಂದಿನ ದಿನದವರೆಗಿನ ಬೆಲೆ ಮಾತ್ರ ನೋಡೋ ಹಾಗೆ ತಿದ್ದಿ. ಬ್ರೋಕರ್ ಕಮಿಷನ್ ಕಳೀರಿ. ಪ್ರೋಗ್ರಾಂ ಬರೆಯುವಾಗ ನೀವು ಮುಟ್ಟದೇ ಇದ್ದ ವರ್ಷಗಳ ಬೆಲೆ ಮೇಲೂ ಓಡಿಸಿ."

ಓಡಿಸಿದ. ಲಾಭದ ಗೆರೆ ಜಾರಿ ಜಾರಿ ನಷ್ಟಕ್ಕಿಳಿಯಿತು.

"ಸದ್ಯ, ಇನ್ನೂ ಷೇರಿಗೆ ದುಡ್ಡು ಹಾಕಿಲ್ವಲ್ಲ?" ಎಂದರು ಮೇಡಂ.

ಹಾಕಿರಲಿಲ್ಲ, ನಿಜ. ಆದರೆ ಅಕ್ಕನ ಸರದಿ? ಭಾವನಿಗೆ ತಾನಾಡಿದ ಮಾತು ನೆನಪಾಗಿ ಅವನಿಗೆ ನಾಚಿಕೆಯಾಯಿತು. ಏನೋ ನೆವ ಹೇಳಿ ದುಡ್ಡು ಹಿಂತಿರುಗಿಸಿದರೆ ಮುಗಿಯಿತಲ್ಲ ಎಂದೂ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಅಕ್ಕನ ಮನೆಗೆ ಬಂದು ನಿಂತೇ ಎಲ್ಲ ಹೇಳಿದ. "ಭಾವ, ನಿಮಗೆ ಅರ್ಥ ಆಗಲ್ಲ ಅಂದೆ. ಅರ್ಥ ಆಗದೋನು ನಾನೇ."

"ದುಡ್ಡು ಉಳೀತಲ್ಲ, ಬಿಡೋ," ಎಂದರು ಭಾವ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಕ್ಕ ಆಸ್ಪತ್ರೆಗೆ ಫೋನ್ ಮಾಡಿದಳು. ಅವಳ ದಿನವನ್ನು ಬೇರೆಯವರಿಗೆ ಕೊಟ್ಟಾಗಿತ್ತು. ಇನ್ನು ಆರು ತಿಂಗಳು ಕಾಯಬೇಕಂತೆ. ಫೋನ್ ಇಟ್ಟು, ಗೋಡೆ ಹಿಡಿದು ಎದ್ದಳು. ಮಹಡಿಯ ಮೇಲೆ ಬಟ್ಟೆ ಒಣಗಿದ್ದವು.

"ನೀನು ಕೂತ್ಕೋ ಅಕ್ಕಾ, ನಾನು ತರ್ತೀನಿ!" ಎಂದು ತಮ್ಮ ಓಡಿದ.

"ಇವತ್ತು ತರ್ತೀಯ ಕಣೋ," ಎಂದಳು ಅಕ್ಕ. "ನಾಳೆಯಿಂದ ಯಾರು ತರ್ತಾರೆ?"

ಅವನು ಮೆಟ್ಟಿಲು ಹತ್ತಿ ಹೋಗಿ ಬಟ್ಟೆ ತಂದು ಮಡಿಸಿಟ್ಟ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇಂಥ ಷೇರಿನ ಸೂಚನೆ ನಿಮ್ಮ ಮನೆಗೂ ಬಂದೀತು, ಫೋನಿನಲ್ಲೋ, ನಿಮ್ಮವರ ಬಾಯಲ್ಲೋ. 'ಹಳೇ ಬೆಲೆ ಮೇಲೆ ಪರೀಕ್ಷೆ ಮಾಡಿದ್ದೀವಿ' ಎಂದರೆ ಅಷ್ಟಕ್ಕೇ ತಲೆಯಾಡಿಸಬೇಡಿ. ಕೊಳ್ಳುವ ಗಳಿಗೆಯಲ್ಲಿ ಗೊತ್ತಿದ್ದ ಬೆಲೆಯನ್ನಷ್ಟೇ ನೋಡಿದಿರಾ, ಖರ್ಚು ಕಳೆದಿರಾ, ಪ್ರೋಗ್ರಾಂ ಬರೆಯುವಾಗ ಮುಟ್ಟದ ವರ್ಷಗಳ ಬೆಲೆಯಲ್ಲೂ ಲಾಭ ಉಳಿಯಿತಾ ಎಂದು ಕೇಳಿ. ತಮ್ಮನೇ ಆದರೂ ಕೇಳಿ. ಎಲ್ಲಕ್ಕೂ ಹೌದೆಂದರೂ ನಾಳೆಯ ಖಾತ್ರಿ ಯಾರಿಗೂ ಇಲ್ಲ. ಆಸ್ಪತ್ರೆಗೆಂದು ಇಟ್ಟ ದುಡ್ಡು ಆಸ್ಪತ್ರೆಗೇ ಹೋಗಲಿ.