ಕಾಲರಿಗೊಂದು ಮೈ

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕಾಲರಕ್ಕ ಎಂದೇ ಕರೆಯುತ್ತಿದ್ದರು. ಕೆಲಸಕ್ಕೆ ಸೇರಿದ ದಿನದಿಂದ ಅವಳು ಹೊಲಿದದ್ದು ಅಂಗಿಯ ಕಾಲರ್ ಮಾತ್ರ. ಪಕ್ಕದ ಸಾಲಿನವರದು ತೋಳು, ಅದರಾಚೆಯವರದು ಜೇಬು. ದೂರದ ಮೂಲೆಯಲ್ಲಿ ಇನ್ಯಾರೋ ಎಲ್ಲವನ್ನೂ ಕೂಡಿಸಿ ಅಂಗಿ ಮಾಡುತ್ತಿದ್ದರು. ಬಾಯಿ ಊರ ಸುದ್ದಿಯಲ್ಲಿದ್ದರೂ ಅವಳ ಕೈ ದಾರಿ ತಪ್ಪುತ್ತಿರಲಿಲ್ಲ. ಕಾಲರಿನ ಮೂಲೆಗಳಂತೂ ಕಣ್ಣಿಗೊತ್ತಿಕೊಳ್ಳುವ ಹಾಗಿರುತ್ತಿದ್ದವು. ಇಂಥ ಹಾಯಾದ ಕುರ್ಚಿಯನ್ನು ಬುದ್ಧಿ ನೆಟ್ಟಗಿರುವವರು ಯಾರಾದರೂ ಬಿಡುತ್ತಾರೆಯೇ?

ಬಿಡುವ ಹುಚ್ಚು ಹಿಡಿಸಿದವನು ಗಂಡ, ಅದೂ ತಿಳಿಯದೆ. ಒಂದು ಸಂಜೆ ಬಸ್ಸಿನಲ್ಲಿ ಮುಂದೆ ನಿಂತವನ ಬೆನ್ನು ತೋರಿಸಿ, "ನೋಡ್ರೀ, ನಾನು ಹೊಲಿದಿರೋ ಅಂಗಿ!" ಎಂದು ಅವಳು ಹಿಗ್ಗಿದಳು.

"ಅಂಗಿ ಎಲ್ಲೇ? ಕಾಲರ್ ಅಷ್ಟೇ ತಾನೆ ನಿಂದು," ಎಂದು ಅವನು ನಕ್ಕ.

ಅವನಿಗೇನೋ ಅದು ತಮಾಷೆ. ಅವಳನ್ನು ಮಾತ್ರ ಆ ಮಾತು ವಾರಗಟ್ಟಲೆ ಚುಚ್ಚಿತು.

ಅದಕ್ಕೇ ಸ್ಯಾಂಪಲ್ ಕೋಣೆಯ ಮಾಸ್ಟರು ಬಂದು, "ನನ್ನ ಹತ್ರ ಒಂದು ಜಾಗ ಖಾಲಿ ಇದೆಯಮ್ಮ. ಗಿರಾಕಿಗೆ ತೋರಿಸೋ ಮೊದಲ್ನೇ ಅಂಗೀನ ಅಲ್ಲಿ ಪೂರ್ತಿ ಒಬ್ಬರೇ ಹೊಲೀಬೇಕು. ಒಂದಿನ ಹೊಲಿದು ತೋರಿಸ್ತೀಯಾ?" ಎಂದು ಕೇಳಿದಾಗ ಅವಳು ಹೂಂ ಎಂದುಬಿಟ್ಟಳು. ಸಾಲಿನ ಮೇಲ್ವಿಚಾರಕಿ ಮುಖ ಗಂಟಿಕ್ಕಿದಳು. "ನಾಳೆ ಸಂಜೆ ತನಕ ಕಾಯ್ತೀನಿ. ಆಮೇಲೆ ನಿಮ್ಮ ಕುರ್ಚಿ ಹೊಸಬಳದು," ಎಂದಳು.

ಮರುದಿನ ಬೆಳಿಗ್ಗೆ ಮಾಸ್ಟರು ಬಟ್ಟೆಯ ತುಂಡುಗಳನ್ನು ಕೊಟ್ಟು ಹೋದರು. ಕಾಲರಕ್ಕ ಮೊದಲು ಎತ್ತಿಕೊಂಡದ್ದು ಯಾವುದನ್ನು ಎಂದು ಬೇರೆ ಹೇಳಬೇಕೆ? ಕಾಲರ್ ಅದ್ಭುತವಾಗಿ ಬಂತು. ಆಮೇಲೆ ಬೆನ್ನು, ಎದೆ, ಭುಜ. ಗೊತ್ತಿಲ್ಲದ ಕೆಲಸ, ಹೊಲಿದಳು, ಬಿಚ್ಚಿದಳು, ಮತ್ತೆ ಹೊಲಿದಳು. ಆ ಎಳೆದಾಟದಲ್ಲಿ ಅಂಗಿಯ ಕತ್ತು ಹಿಗ್ಗಿಹೋದದ್ದು ಅವಳ ಗಮನಕ್ಕೇ ಬರಲಿಲ್ಲ. ಕಾಲರ್ ಕೂರಿಸಿದರೆ ತುದಿಯಲ್ಲಿ ಒಂದು ಬೆರಳಿನಷ್ಟು ಬಾಯಿಬಿಟ್ಟುಕೊಂಡಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಇಷ್ಟು ಕಾಲ ಕಾಲರ್ ಹೊಲಿದವಳು, ಅದು ಹೋಗಿ ಕತ್ತನ್ನು ಸೇರುವುದನ್ನು ಒಮ್ಮೆಯೂ ನೋಡಿರಲಿಲ್ಲ.

ಮಾಸ್ಟರು ನೋಡಿ ಗಹಗಹಿಸಿದರು. "ನೀನು ಅಂಗಿ ಹೊಲಿದಿಲ್ಲಮ್ಮ, ಕಾಲರಿಗೊಂದು ಮೈ ಹೊಲಿದಿದ್ದೀಯ!" ಆಮೇಲೆ ನಗು ನಿಲ್ಲಿಸಿ ಹೇಳಿದರು. "ಕತ್ತಲ್ಲಿ ಸಣ್ಣ ನೆರಿಗೆ ಹಿಡಿದು ಮುಚ್ಚಬಹುದು. ನೋಡೋರಿಗೆ ಗೊತ್ತಾಗಲ್ಲ, ಹಾಕ್ಕೊಂಡೋನಿಗೆ ಗೊತ್ತಾಗುತ್ತೆ. ಇಲ್ಲ, ಕತ್ತಿನ ಅಳತೆ ತಗೊಂಡು ಬೇರೆ ಕಾಲರ್ ಮಾಡು. ನಿನ್ನಿಷ್ಟ."

ಊಟದ ಹೊತ್ತಿಗೆ ಅವಳ ಕಣ್ಣು ತುಂಬಿತ್ತು. ತೋಳಿನ ಸಾಲಿನಲ್ಲಿದ್ದ ನಾದಿನಿ ಪಕ್ಕದಲ್ಲೇ ಕೂತು ಡಬ್ಬಿ ಬಿಚ್ಚಿದಳು. "ಇರಲಾರದೆ ಇರುವೆ ಬಿಟ್ಕೊಂಡ್ರಂತೆ, ಹಾಗಾಯ್ತು ನಿಮ್ಮ ಕತೆ. ವಾಪಸ್ ಬನ್ನಿ ಅತ್ತಿಗೆ. ಯಾರೂ ಆಡ್ಕೊಳಲ್ಲ."

"ನೀನೇ ಮೊದಲು ಆಡ್ಕೊಳೋದು," ಎಂದಳು ಕಾಲರಕ್ಕ. ಇಬ್ಬರೂ ನಕ್ಕರು. ಆದರೆ ಅವಳಿಗೆ ಭಯವಾಗುತ್ತಿತ್ತು. ಅಂಗಿ ಮತ್ತೆ ಕೆಟ್ಟರೆ ಆ ಕೋಣೆಯೂ ಇಲ್ಲ, ಈ ಕುರ್ಚಿಯೂ ಇಲ್ಲ.

ಮಧ್ಯಾಹ್ನ ಅವಳು ಆ ಚೆಂದದ ಕಾಲರನ್ನು ಒಂದೊಂದೇ ಹೊಲಿಗೆ ಕತ್ತರಿಸಿ ಬಿಚ್ಚಿದಳು. ಅಳತೆ ಪಟ್ಟಿಯನ್ನು ಕತ್ತಿನ ಸುತ್ತ ನಿಧಾನವಾಗಿ ಓಡಿಸಿ ಹೊಸ ಬಟ್ಟೆ ಕತ್ತರಿಸಿದಳು. ಅಷ್ಟರಲ್ಲಿ ಮೇಲ್ವಿಚಾರಕಿ ಬಾಗಿಲಲ್ಲಿ ಬಂದು ನಿಂತಳು. ಮೇಜಿನ ಮೇಲೆ ಕಾಲರಿಲ್ಲದ ಅಂಗಿ ಬೋಳುಬೋಳಾಗಿ ಬಿದ್ದಿತ್ತು.

"ಆಗ್ಲಿಲ್ವಾ? ಪರವಾಗಿಲ್ಲ, ಬನ್ನಿ. ಹೊಸಬಳನ್ನ ಈಗಲೇ ಎಬ್ಬಿಸ್ತೀನಿ. ಹೂಂ ಅಂತೀರೋ, ಇಲ್ಲ ಅಂತೀರೋ?"

ಕಾಲರಕ್ಕ ಬಗ್ಗಿ ಕೋಣೆಯ ಗಾಜಿನ ಗೋಡೆಯಾಚೆ ನೋಡಿದಳು. ಅವಳ ಕುರ್ಚಿಯಲ್ಲಿ ಕೂತವಳು ಭುಜ ಎತ್ತಿಕೊಂಡು ಮೆಷಿನ್ನಿನೊಡನೆ ಗುದ್ದಾಡುತ್ತಿದ್ದಳು.

"ಅವಳು ನನಗಿಂತ ಗಿಡ್ಡ ಇದ್ದಾಳೆ," ಎಂದಳು. "ಕುರ್ಚಿ ಸ್ವಲ್ಪ ಎತ್ತರ ಮಾಡ್ಕೊಡಿ ಪಾಪ. ಆಗ ಕೈ ಕೂರುತ್ತೆ."

ಮೇಲ್ವಿಚಾರಕಿ ತಲೆಯಾಡಿಸಿ ಹೋದಳು. ಕಾಲರಕ್ಕ ಹೊಸ ಕಾಲರ್ ಹೊಲಿದು ಕತ್ತಿಗೆ ಕೂಡಿಸಿದಳು.

ಸಂಜೆ ಮಾಸ್ಟರು ಅಂಗಿಯನ್ನು ಗೊಂಬೆಗೆ ತೊಡಿಸಿ ಮೇಲಿನ ಗುಂಡಿಯವರೆಗೂ ಹಾಕಿದರು. ಕಾಲರ್ ಕತ್ತಿಗೆ ಅಂಟಿ ಕೂತಿತು.

"ಮೂಲೆ ಸ್ವಲ್ಪ ಮೊಂಡಾಯ್ತು ಸಾರ್," ಎಂದಳು ಅವಳು.

"ಆಗ್ಲಿ ಬಿಡು, ಅಂಗಿ ಸರಿಯಾಗಿದೆ. ನಾಳೆಯಿಂದ ಇಲ್ಲೇ ಬಾ. ನಾಳೆ ಒಂದು ಕೋಟಿದೆ."

ಕೋಟು! ಒಳಗೊಂದು ಬಟ್ಟೆ, ಹೊರಗೊಂದು ಬಟ್ಟೆ, ನಡುವೆ ಅದೇನೋ ಮತ್ತೊಂದು. ಅವಳು ಕೋಟನ್ನು ಕೈಯಲ್ಲಿ ಹಿಡಿದು ಕೂಡ ನೋಡಿದವಳಲ್ಲ. "ನನಗೆ ಬರಲ್ಲ ಸಾರ್" ಎನ್ನಲು ಬಾಯಿ ತೆರೆದಳು.

"ಎಷ್ಟೊತ್ತಿಗೆ ಬರ್ಲಿ?" ಎಂದು ಕೇಳಿದಳು.