ರುಚಿ ವಹಿಯ ಮುರುಗೆಪ್ಪ ಸರ್

ಚಿಂಚಮಾಳದ ಜಿಲ್ಲಾ ಪರಿಷತ್ ಶಾಲೆಯಲ್ಲಿ ಇಪ್ಪತ್ಮೂರು ಮಕ್ಕಳು, ಇಬ್ಬರು ಶಿಕ್ಷಕರು, ಒಬ್ಬ ಅಡಿಗೆಯಾಕೆ ಮತ್ತು ಮೂವತ್ತೊಂದು ರಜಿಸ್ಟರುಗಳಿದ್ದವು. ತಾಲೂಕಿನ ಊರು ಭೋರಿನಿಂದ ಎಸ್.ಟಿ. ಬಸ್ಸು ದಿನಕ್ಕೆ ಎರಡು ಸಲ ಬರುತ್ತಿತ್ತು. ಮೊದಲನೆಯದರಲ್ಲಿ ಹೆಡ್ ಮಾಸ್ತರರು ಬಂದಿಳಿಯುವರು, ಎರಡನೆಯದರಲ್ಲಿ ಹೋಗುವರು. ನಡುವೆ ಏನೇನು ಆಯಿತೆಂಬುದು ಆ ಮೂವತ್ತೊಂದು ರಜಿಸ್ಟರುಗಳಲ್ಲಿ ಇರುತ್ತಿತ್ತು.

ಅದರಲ್ಲಿ ಒಂದಕ್ಕೆ ಚವ ವಹಿ ಎಂದು ಹೆಸರು. ಚವ ಅಂದರೆ ಮರಾಠಿಯಲ್ಲಿ ರುಚಿ, ವಹಿ ಅಂದರೆ ಪುಸ್ತಕ. ಮಧ್ಯಾಹ್ನದ ಊಟವನ್ನು ಮಕ್ಕಳಿಗಿಂತ ಅರ್ಧ ಗಂಟೆ ಮೊದಲು ಶಿಕ್ಷಕರೊಬ್ಬರು ತಿಂದು, ರುಚಿ ಹೇಗಿದೆಯೆಂದು ಆ ವಹಿಯಲ್ಲಿ ಬರೆದು ಸಹಿ ಹಾಕಬೇಕು. ಅರ್ಧ ಗಂಟೆಯೊಳಗೆ ಶಿಕ್ಷಕರಿಗೆ ಏನೂ ಆಗದಿದ್ದರೆ ಮಕ್ಕಳಿಗೆ ಬಡಿಸಬಹುದು. ಸುತ್ತಲಿನ ಶಾಲೆಗಳವರು ಸೋಮವಾರವೇ ಕೂತು ಶನಿವಾರದವರೆಗೆ ‘ಉತ್ತಮ’ ಎಂದು ಬರೆದು ಮುಗಿಸುತ್ತಿದ್ದರು. ಒಂದು ಶಾಲೆಯಲ್ಲಿ ಗಣೇಶ ಚತುರ್ಥಿಯ ರಜೆಯ ದಿನವೂ ಊಟ ಉತ್ತಮವಾಗಿತ್ತು.

ಹೆಡ್ ಮಾಸ್ತರ ಮುರುಗೆಪ್ಪನವರು ಹಾಗೆ ಮಾಡುವವರಲ್ಲ. ಅವರು ಅಕ್ಕಲಕೋಟೆ ಕಡೆಯವರು. ಮನೆಯಲ್ಲಿ ಕನ್ನಡ, ಓದಿದ್ದು ಮರಾಠಿ, ನೌಕರಿ ಪುಣೆ ಜಿಲ್ಲೆಯಲ್ಲಿ. ಅಡಿಗೆಯ ಭೀಮವ್ವ ಇಂಡಿ ತಾಲೂಕಿನವಳು. ಗಂಡನ ಜೊತೆ ಘಾಟಿನ ರಸ್ತೆ ಕೆಲಸಕ್ಕೆ ಬಂದಿದ್ದಳು. ರಸ್ತೆ ಮುಗಿದು ಗ್ಯಾಂಗು ಮುಂದೆ ಹೋಯಿತು, ಇವರಿಬ್ಬರು ಇಲ್ಲಿಯೇ ಉಳಿದರು. ಹನ್ನೆರಡು ವರ್ಷದಿಂದ ಶಾಲೆಯ ಒಲೆ ಅವಳದು.

ಊರಲ್ಲಿ ಕನ್ನಡ ಬಲ್ಲವರು ಇವರಿಬ್ಬರು, ಮತ್ತು ಕೋಳಿ ಫಾರ್ಮಿನಲ್ಲಿ ಕಾವಲಿರುವ ಅವಳ ಗಂಡ. ಅವನು ಯಾವ ಭಾಷೆಯಲ್ಲೂ ಹೆಚ್ಚು ಮಾತಾಡುತ್ತಿರಲಿಲ್ಲ. ಹೀಗಾಗಿ ಪಾಲಕರು ಎದುರಿಗೆ ಕೂತಿರುವಾಗಲೇ ಎಣ್ಣೆ ಇನ್ನೆಷ್ಟು ದಿನಕ್ಕೆ ಬರುತ್ತದೆ, ಈ ಗಂಡಸು ಯಾವಾಗ ಎದ್ದು ಹೋಗುತ್ತಾನೆ ಎಂಬುದನ್ನೆಲ್ಲ ಅವರಿಬ್ಬರೂ ಅಳುಕಿಲ್ಲದೆ ಮಾತಾಡಿಕೊಳ್ಳುತ್ತಿದ್ದರು. ಮರಾಠಿಯ ನಡುವೆ ಇದ್ದೂ ಇದ್ದೂ ಮುರುಗೆಪ್ಪನವರಿಗೆ ಕನ್ನಡದಲ್ಲಿ ಮಾತಾಡಿದರೆ ಬಾಗಿಲು ಹಾಕಿಕೊಂಡು ಮಾತಾಡಿದಷ್ಟೇ ನಿಶ್ಚಿಂತೆ.

ಎರಡು ವರ್ಷದ ಹಿಂದೆ ಅವರಿಗೊಂದು ಜ್ವರ ಬಂತು. ಜ್ವರ ಹೋಗುವಾಗ ಬಾಯಿಯ ರುಚಿಯನ್ನೂ ತೆಗೆದುಕೊಂಡು ಹೋಯಿತು. ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ ಎಂದು ಅವರು ಎರಡು ವಾರ ‘ಉತ್ತಮ’ ಎಂದೇ ಬರೆದರು. ರುಚಿ ಬರಲಿಲ್ಲ. ಬರೆದದ್ದರ ಕೆಳಗೆ ಆಗಲೇ ಹನ್ನೆರಡು ಸಹಿ ಬಿದ್ದಿದ್ದವು. ಹನ್ನೆರಡು ಸಹಿ ಹಾಕಿದ ಮೇಲೆ ನನಗೆ ಏನೂ ತಿಳಿಯುವುದಿಲ್ಲ ಎಂದು ಸರಕಾರಕ್ಕೆ ಹೇಳುವುದು ಹೇಗೆ? ಭೀಮವ್ವನಿಗೆ ಹೇಳುವುದು ಅದಕ್ಕಿಂತ ಕಷ್ಟವಾಗಿ ಕಂಡಿತು. ಅವಳು ದಿನಾ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಬಂದು, ಇಂದು ಏನು ಬರೆದಿರೆಂದು ಓದಿಸಿಕೊಂಡು ಹೋಗುತ್ತಿದ್ದಳು.

ಸುಳ್ಳು ಬರೆಯಲು ಮನಸ್ಸಾಗದೆ ಅವರು ಬೇರೆ ದಾರಿ ಹುಡುಕಿದರು. ಊಟದ ಹೊತ್ತಿಗೆ ಕಿಟಕಿಯ ಹತ್ತಿರ ಪೆನ್ಸಿಲ್ ಹಿಡಿದು ನಿಂತು, ಎರಡನೇ ಸಲ ಬಡಿಸಿಕೊಳ್ಳಲು ಯಾರ್‍ಯಾರು ಬಂದರು, ಯಾರು ನಾಯಿಗೆ ಹಾಕಿದರು, ಯಾರು ತಟ್ಟೆ ನೆಕ್ಕಿದರು ಎಂದು ಗುರುತು ಹಾಕಿಕೊಳ್ಳತೊಡಗಿದರು. ಆಮೇಲೆ ವಹಿಯಲ್ಲಿ ಬರೆಯುವರು: ‘ಹದಿನಾಲ್ಕು ವಿದ್ಯಾರ್ಥಿಗಳು ಎರಡನೇ ಸಲ ಬಡಿಸಿಕೊಂಡರು. ಉಪ್ಪು ಸರಿಯಾಗಿದೆ.’ ಇನ್ನೊಂದು ದಿನ: ‘ಐವರು ಮಾತ್ರ. ನೀರಿನ ಪೀಪಾಯಿಯ ಹತ್ತಿರ ನೂಕುನುಗ್ಗಲು. ಖಾರ ಹೆಚ್ಚು.’ ಭೀಮವ್ವ ಕೇಳಿಸಿಕೊಂಡು ಹೋಗಿ ಮರುದಿನ ಖಾರ ಇಳಿಸುವಳು. ಹೀಗೆ ಹೆಡ್ ಮಾಸ್ತರರ ನಾಲಿಗೆ ಹೋದ ಮೇಲೆ ಶಾಲೆಯ ಅಡಿಗೆ ಮೊದಲಿಗಿಂತ ರುಚಿಯಾಯಿತು. ಸರ್ ನಾಲಿಗೆಯಂಥ ನಾಲಿಗೆ ಇಡೀ ತಾಲೂಕಿನಲ್ಲಿ ಇಲ್ಲವೆಂದು ಭೀಮವ್ವ ಬಾವಿಕಟ್ಟೆಯಲ್ಲಿ ಹೇಳುತ್ತಿದ್ದಳು.

ಈ ಸಲ ಅವಳಿಗೊಂದು ಚಿಂತೆ ಹತ್ತಿತ್ತು. ಅಡಿಗೆಯ ಕೆಲಸ ಯಾರಿಗೆಂದು ಶಾಲಾ ಸಮಿತಿ ವರ್ಷವರ್ಷ ಹೊಸದಾಗಿ ಠರಾವು ಮಾಡುತ್ತದೆ. ಸಮಿತಿಯ ಅಧ್ಯಕ್ಷ ಮಿಥುನ ಊರಿನ ಹಾಲು ಸಂಗ್ರಹಿಸಿ ಟೆಂಪೋದಲ್ಲಿ ಒಯ್ಯುವವನು. ಅವನ ಅತ್ತಿಗೆ ದೀಪಾಲಿ ಈ ವರ್ಷ ಅರ್ಜಿ ಹಾಕಿದ್ದಳು. ದೀಪಾಲಿಯ ಕೈ ಚೆನ್ನಾಗಿದೆ ಎಂಬುದನ್ನು ಭೀಮವ್ವನೇ ಒಪ್ಪುತ್ತಿದ್ದಳು, ಚಿಂತೆ ಹೆಚ್ಚಾಗಿದ್ದೂ ಅದಕ್ಕೇ. ದೀಪಾಲಿಗೆ ಊರಲ್ಲಿ ಹೊಲವಿತ್ತು, ಮನೆಯಿತ್ತು. ಭೀಮವ್ವನಿಗೆ ಶಾಲೆಯ ಒಲೆ ಬಿಟ್ಟರೆ ಚಿಂಚಮಾಳದಲ್ಲಿ ಇರಲಿಕ್ಕೆ ಕಾರಣವೇ ಇರಲಿಲ್ಲ. ಫಾರ್ಮಿನ ಸಂಬಳದಲ್ಲಿ ಇಬ್ಬರ ಸಂಸಾರ ನಡೆಯದು. ಐವತ್ತೆರಡನೇ ವಯಸ್ಸಿನಲ್ಲಿ ಮತ್ತೆ ರಸ್ತೆಯ ಗ್ಯಾಂಗಿಗೆ ಸೇರಿ ಬಿಸಿ ಡಾಂಬರಿನ ಹಿಂದೆ ನಡೆಯಬೇಕು.

ಮಿಥುನ ಕೆಟ್ಟವನಲ್ಲ. ಬಾಯಿಬಿಟ್ಟೇ ಹೇಳಿದ: ಭೋರಿನಲ್ಲಿ ತಾಲೂಕಿನ ಶಾಲಾ ಅಡಿಗೆಯವರ ಸ್ಪರ್ಧೆ ಇದೆಯಲ್ಲ, ಅದರಲ್ಲಿ ಭೀಮವ್ವ ಮಾವಶಿ ಯಾವುದಾದರೊಂದು ನಂಬರ್ ತಂದರೆ ಮನೆಯಲ್ಲಿ ಅತ್ತಿಗೆಗೆ ಏನು ಹೇಳಬೇಕೋ ನಾನು ಹೇಳುತ್ತೇನೆ.

ಅದೇ ವಾರ ಶಿಕ್ಷಣ ಇಲಾಖೆಯ ವಿಸ್ತಾರ ಅಧಿಕಾರಿ ಅವಧೂತ ಸಾಹೇಬರು ತಪಾಸಣೆಗೆ ಬಂದರು. ಗೋಡೆಯ ಮೇಲೆ ಶಾಲೆಯ ಸಾಧನೆಗಳ ಫಲಕವಿತ್ತು. ಖೋ-ಖೋದಲ್ಲಿ ಕೇಂದ್ರಮಟ್ಟದ ಮೂರನೇ ಸ್ಥಾನ ಎಂದು ಅದರಲ್ಲಿ ಬರೆದಿತ್ತು, ತಂಡಗಳು ಮೂರೇ ಇದ್ದವೆಂದು ಬರೆದಿರಲಿಲ್ಲ. ಸಾಹೇಬರು ಅದನ್ನು ನೋಡಿ ತಲೆಯಾಡಿಸಿ, ರಜಿಸ್ಟರುಗಳ ಕಡೆ ತಿರುಗಿದರು. ಚವ ವಹಿ ತೆಗೆದವರು ಕೂಡುವುದನ್ನೇ ಮರೆತು ನಲವತ್ತು ನಿಮಿಷ ನಿಂತು ಓದಿದರು. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಇಂಥ ವಹಿ ನೋಡಿಲ್ಲ ಎಂದರು. ಅಲ್ಲೇ ನಿಂತು ಮುರುಗೆಪ್ಪನವರನ್ನು ಭೋರಿನ ಸ್ಪರ್ಧೆಗೆ ಪರೀಕ್ಷಕರನ್ನಾಗಿ ನೇಮಿಸಿದರು.

ಮುರುಗೆಪ್ಪನವರು, ನಮ್ಮ ಶಾಲೆಯ ಅಡಿಗೆಯಾಕೆಯೇ ಸ್ಪರ್ಧೆಯಲ್ಲಿ ಇದ್ದಾಳೆ, ಸರಿ ಕಾಣುವುದಿಲ್ಲ ಎಂದು ಕೈಮುಗಿದರು. ಟೇಬಲ್ಲಿಗೆ ನಂಬರ್ ಇರುತ್ತದೆ, ಹೆಸರು ಇರುವುದಿಲ್ಲ ಎಂದರು ಸಾಹೇಬರು. ಸಂಜೆ ವಾಟ್ಸಾಪಿನಲ್ಲಿ ಆದೇಶವೂ ಬಂತು.

ಸ್ಪರ್ಧೆಯ ಮೂರು ದಿನ ಮೊದಲು ಭೀಮವ್ವ ಮನೆಯಲ್ಲಿ ಮಾಡಿದ ಜೋಳದ ನುಚ್ಚಿನ ಖಿಚಡಿಯನ್ನು ಡಬ್ಬಿಯಲ್ಲಿ ತಂದಳು. ಮೇಲೆ ಗುರೆಳ್ಳಿನ ಹಿಂಡಿ, ಅಂದರೆ ಚಟ್ನಿಪುಡಿ, ಉದುರಿಸಿದ್ದಳು. ಅದು ರವಿವಾರ. ಪರೀಕ್ಷೆಯ ಕಾಗದಪತ್ರಕ್ಕೆಂದು ಬಂದಿದ್ದ ಮುರುಗೆಪ್ಪನವರು ಒಬ್ಬರೇ ಇದ್ದರು. ಎಣಿಸಲಿಕ್ಕೆ ಒಂದು ಮಗುವೂ ಇರಲಿಲ್ಲ.

“ಹೆಂಗ ಆಗೇದರಿ ಸರ್?” ಅಂದಳು.

“ಛಲೋ ಆಗೇದ.”

“ಉಪ್ಪ?”

“ಸರಿ ಅದ.”

ಅವಳು ಡಬ್ಬಿ ಮುಚ್ಚಿಕೊಂಡು, ಹಂಗಾರ ಇಷ್ಟ ಹಾಕ್ತೀನಿ ಎಂದು ಹೋದಳು. ಆ ದಿನ ಕಾಗದಪತ್ರದ ಕೆಲಸವೇನೂ ಆಗಲಿಲ್ಲ.

ಭೋರಿನ ಸಭಾಗೃಹದಲ್ಲಿ ಮೂವತ್ತೆಂಟು ಟೇಬಲ್ಲು ಹಾಕಿದ್ದರು. ಮೂವರು ಪರೀಕ್ಷಕರು: ಮುರುಗೆಪ್ಪನವರು, ಕಾಲೇಜಿನಲ್ಲಿ ಆಹಾರಶಾಸ್ತ್ರ ಕಲಿಸುವ ಒಬ್ಬ ಮೇಡಂ, ಮತ್ತು ಬಸ್‌ಸ್ಟ್ಯಾಂಡಿನ ಎದುರು ನಲವತ್ತು ವರ್ಷದಿಂದ ಹೋಟೆಲು ನಡೆಸುತ್ತಿರುವ ಕುಂದಾಪುರದ ಸುಬ್ಬಯ್ಯನವರು. ಒಬ್ಬರಿಗೆ ಒಂದು ಚಮಚ, ಹತ್ತರಲ್ಲಿ ಅಂಕ. ಮುರುಗೆಪ್ಪನವರ ಲೆಕ್ಕಾಚಾರ ಇಷ್ಟೇ: ಉಳಿದಿಬ್ಬರ ಮುಖ ನೋಡಿ ಬರೆದುಬಿಡುವುದು. ಆದರೆ ಮೇಡಂ ಪ್ರತಿ ಟೇಬಲ್ಲಿನಲ್ಲೂ ಒಂದೇ ಅಳತೆಯ ನಗು ನಕ್ಕರು. ಸುಬ್ಬಯ್ಯನವರ ಮುಖವಂತೂ ಗಿರಾಕಿಗಳ ದೂರು ಕೇಳೀ ಕೇಳೀ ಗೋಡೆಯಂತಾಗಿತ್ತು. ಹನ್ನೆರಡನೇ ಟೇಬಲ್ಲು ಮುಗಿಯುವಷ್ಟರಲ್ಲಿ ಮುರುಗೆಪ್ಪನವರ ಹಾಳೆಯಲ್ಲಿ ಹನ್ನೆರಡು ಆರುಗಳಿದ್ದವು.

ಸುಬ್ಬಯ್ಯನವರು ಓರೆಗಣ್ಣಿನಲ್ಲಿ ನೋಡಿ ಕನ್ನಡದಲ್ಲಿ ಕೇಳಿದರು: “ಎಂತ ಮೇಷ್ಟ್ರೆ, ಎಲ್ರಿಗೂ ಆರು? ಒಂಬತ್ತನೇದು ಹಳಸಿ ಹೋಗಿತ್ತು ಮಾರಾಯ್ರೆ.”

ಆ ಸಭಾಗೃಹದ ಮರಾಠಿ ಗದ್ದಲದಲ್ಲಿ ಕನ್ನಡ ಕಿವಿಗೆ ಬಿದ್ದದ್ದೇ ಮುರುಗೆಪ್ಪನವರಿಗೆ ಬಾಗಿಲು ಹಾಕಿದಂತಾಯಿತು. ಎರಡು ವರ್ಷದಿಂದ ಒಳಗಿದ್ದದ್ದು ಒಮ್ಮೆಲೇ ಹೊರಬಂತು. ದನಿ ತಗ್ಗಿಸುವ ಅಗತ್ಯವೂ ಅವರಿಗೆ ಕಾಣಲಿಲ್ಲ.

“ನನಗ ರುಚೀನ ತಿಳಿಯೂದಿಲ್ರಿ. ಎರಡು ವರ್ಷ ಆತು. ಉಪ್ಪು, ಬೆಲ್ಲ ಎರಡೂ ಒಂದ. ಯಾರಿಗೂ ಹೇಳಿಲ್ಲ. ನೀವು ಎಷ್ಟು ಹಾಕೀರಿ ತೋರಸ್ರಿ, ಅಷ್ಟ ಹಾಕ್ತೀನಿ.”

“ಹಾಗಾದ್ರೆ ಬೆಳಿಗ್ಗೆ ಸಾಹೇಬ್ರು ಮೈಕಿನಲ್ಲಿ ಹೊಗಳಿದ ಆ ಪುಸ್ತಕ?”

“ಹುಡುಗ್ರು ಎರಡನೇ ಸಲ ಎಷ್ಟು ಮಂದಿ ಬಂದ್ರು ಅಂತ ಎಣಿಸಿ ಬರೀತಿದ್ದೆ.”

ಮೂವತ್ತೆಂಟು ಅಡಿಗೆಯವರಲ್ಲಿ ಕನ್ನಡ ಬಲ್ಲವಳು ಒಬ್ಬಳೇ. ಅವಳು ಹದಿಮೂರನೇ ಟೇಬಲ್ಲಿನ ಹಿಂದೆ, ಅವರಿಂದ ಎರಡು ಮಾರು ದೂರದಲ್ಲಿ, ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದಳು.

ಮೂವರೂ ಅವಳ ಮುಂದೆ ಬಂದರು. ಭೀಮವ್ವ ಮೇಡಂಗೆ ಮರಾಠಿಯಲ್ಲಿ ತನ್ನ ಪದಾರ್ಥದ ಹೆಸರು ಹೇಳಿದಳು. ಮೂರು ತಟ್ಟೆಗೆ ಬಡಿಸಿದಳು. ಮುರುಗೆಪ್ಪನವರು ಚಮಚ ಬಾಯಿಗಿಟ್ಟ ಮೇಲೆ, ದಿನಾ ಕೇಳುವ ದನಿಯಲ್ಲೇ ಕೇಳಿದಳು: “ಉಪ್ಪ ಹೆಂಗದರಿ ಸರ್?”

ಖಿಚಡಿ ಬಿಸಿಯಾಗಿತ್ತು. ಅದೊಂದು ಅವರಿಗೆ ತಿಳಿಯಿತು.

“ಗೊತ್ತಾಗೂದಿಲ್ಲ ಭೀಮವ್ವಾ.”

“ರವಿವಾರ ಗೊತ್ತಾಗಿತ್ತಲ್ರಿ.”

“ಅವತ್ತೂ ಗೊತ್ತಾಗಿರಲಿಲ್ಲ.”

ಅವಳು ಟೇಬಲ್ಲಿನ ಮೇಲೆ ಬಿದ್ದಿದ್ದ ಒಂದು ಅಗುಳನ್ನು ಸೆರಗಿನ ತುದಿಯಿಂದ ಒರೆಸಿದಳು. ಮುರುಗೆಪ್ಪನವರು ಪೆನ್ನಿನ ಟೊಪ್ಪಿಗೆ ಹಾಕಿದರು. ಸುಬ್ಬಯ್ಯನವರು ಅದೇ ಗೋಡೆಯಂಥ ಮುಖದಲ್ಲಿ ನಿಯಮ ಮೀರಿ ಎರಡನೇ ಚಮಚ ತೆಗೆದುಕೊಂಡರು. ಆದರೆ ಅದನ್ನು ಗುರುತು ಹಾಕಿಕೊಳ್ಳುವ ಸ್ಥಿತಿಯಲ್ಲಿ ಮುರುಗೆಪ್ಪನವರು ಇರಲಿಲ್ಲ. ಅವರು ನೆಟ್ಟಗೆ ವೇದಿಕೆಗೆ ಹೋಗಿ, ಅವಧೂತ ಸಾಹೇಬರಿಗೆ ಎಲ್ಲವನ್ನೂ ಮರಾಠಿಯಲ್ಲಿ ಹೇಳಿದರು. ಪಕ್ಕದಲ್ಲಿದ್ದ ಮೈಕು ಚಾಲೂ ಇತ್ತು. ಹಿಂದಿನ ಸಾಲಿನವರಿಗೂ ಕೇಳಿಸಿತು.

ಸಾಹೇಬರಿಗೂ ಪೇಚಾಯಿತು. ಅವರೇ ಬರೆದ ಹೊಗಳಿಕೆಯ ತಪಾಸಣಾ ವರದಿ ಆಗಲೇ ಜಿಲ್ಲೆಗೆ ಹೋಗಿತ್ತು, ಅದನ್ನು ವಾಪಸು ತರಿಸುವಂತಿರಲಿಲ್ಲ. ಕೊನೆಗೆ ಒಂದು ಹಾಳೆ ತೆಗೆದು ತಾವೇ ಬರೆದರು: ‘ಸದರಿ ಪರೀಕ್ಷಕರ ನಾಲಿಗೆಯ ತಾಂತ್ರಿಕ ಅಡಚಣೆಯಿಂದಾಗಿ ಅವರು ನೀಡಿದ ಅಂಕಗಳನ್ನು ಪರಿಗಣಿಸಿರುವುದಿಲ್ಲ.’ ಮೊಹರು ಹಾಕಿ, ಒಂದು ಪ್ರತಿಯನ್ನು ಮುರುಗೆಪ್ಪನವರಿಗೇ ಕೊಟ್ಟರು. ಪರೀಕ್ಷಕರೆಂದು ಬೆಳಿಗ್ಗೆ ಕೊರಳಿಗೆ ಹಾಕಿದ್ದ ಹಾರವನ್ನು ಮಾತ್ರ ಯಾರೂ ವಾಪಸು ಕೇಳಲಿಲ್ಲ. ಹಾರದೊಂದಿಗೇ ಅವರು ಸಂಜೆಯವರೆಗೆ ಕೂತರು.

ಇಬ್ಬರ ಅಂಕ ಕೂಡಿಸಿದಾಗ ಹದಿಮೂರನೇ ಟೇಬಲ್ಲಿಗೆ ಎರಡನೇ ನಂಬರ್ ಬಂತು. ಒಂದು ಪ್ರಶಸ್ತಿಪತ್ರ, ಒಂದು ಸ್ಟೀಲ್ ಡಬ್ಬಿಗಳ ಸೆಟ್ಟು.

ಮರಳುವ ಬಸ್ಸಿನಲ್ಲಿ ಭೀಮವ್ವ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು, ಸರ್, ತಾವು ಟಿಕೀಟು ತೆಗೆದಿರಾ ಎಂದು ಮರಾಠಿಯಲ್ಲಿ ಕೇಳಿದಳು. ತಹಸೀಲ್ದಾರರ ಹತ್ತಿರ ಮಾತಾಡುವ ಮರಾಠಿ ಅದು. ತೆಗೆದೀನಿ ಅಂತ ಇವರು ಕನ್ನಡದಲ್ಲಿ ಹೇಳಿದರು. ಬರಂ ಝಾಲಂ, ಒಳ್ಳೆಯದಾಯಿತು, ಎಂದು ಮತ್ತೆ ಮರಾಠಿಯಲ್ಲೇ ಅಂದಳು. ಮರುದಿನವೂ ಮರಾಠಿ. ಅಕ್ಕಿ ಮುಗಿದದ್ದು ಮರಾಠಿ, ಒಲೆ ಹೊಗೆಯಾಡಿದ್ದು ಮರಾಠಿ. ಮಧ್ಯಾಹ್ನ ವಹಿ ಓದಿಸಿಕೊಳ್ಳಲು ಬರುವುದನ್ನೂ ಬಿಟ್ಟಳು. ಶಾಲೆಯ ಇನ್ನೊಬ್ಬ ಶಿಕ್ಷಕಿ ಮಂಜರಿ ಮೇಡಂಗೆ ಹನ್ನೆರಡು ವರ್ಷದಲ್ಲಿ ಮೊದಲ ಸಲ ಇವರಿಬ್ಬರ ಮಾತು ಪೂರ್ತಿ ಅರ್ಥವಾಗತೊಡಗಿತು. ಅದರಲ್ಲಿ ಕೇಳುವಂಥದ್ದೇನೂ ಇರಲಿಲ್ಲ.

ಒಂಬತ್ತನೇ ದಿನ ಸಮಿತಿ ಸೇರಿತು. ಪ್ರಶಸ್ತಿಪತ್ರ ಕೈಯಿಂದ ಕೈಗೆ ದಾಟಿತು. ದೀಪಾಲಿಯ ಕಡೆಯ ಒಬ್ಬ ಹಿರಿಯರು, ಪರೀಕ್ಷಕರು ಇವರದೇ ಹೆಡ್ ಮಾಸ್ತರರಂತಲ್ಲ, ಮನೆಯ ಮಗುವಿಗೆ ಮನೆಯವರೇ ನಂಬರ್ ಕೊಟ್ಟರೆ ಅದಕ್ಕೇನು ಬೆಲೆ ಎಂದರು. ಮಿಥುನ ಮುರುಗೆಪ್ಪನವರ ಮುಖ ನೋಡಿದ. ಭೀಮವ್ವ ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದಳು.

ಮುರುಗೆಪ್ಪನವರು ಎದ್ದುನಿಂತು ಸಾಹೇಬರ ಮೊಹರಿನ ಹಾಳೆ ತೆಗೆದು, ಪ್ರಾರ್ಥನೆಯ ಹೊತ್ತಿಗೆ ಓದುವ ದನಿಯಲ್ಲಿ ಪೂರ್ತಿ ಓದಿದರು. ನಾಲಿಗೆಯ ತಾಂತ್ರಿಕ ಅಡಚಣೆ ಎಂಬಲ್ಲಿ ಎರಡು ಸಲ ಓದಬೇಕಾಯಿತು, ಯಾಕೆಂದರೆ ಹಿರಿಯರಿಗೆ ಕೇಳಿಸಲಿಲ್ಲ. ಆಮೇಲೆ ಅದೇ ಹಿರಿಯರು, ಹಿಪ್ಪಲಿ ಅರೆದು ಜೇನಿನಲ್ಲಿ ನೆಕ್ಕಿ ನೋಡಿದಿರಾ ಎಂದು ಕೇಳಿದರು. ನೋಡಿದ್ದೇನೆ ಎಂದರು ಮುರುಗೆಪ್ಪನವರು.

ಮಿಥುನ ಹಾಳೆ ಇಸಿದುಕೊಂಡು ತಾನೂ ಓದಿದ. ಕಾಗದದ ಮೇಲೆ ಮೊಹರಿದ್ದರೆ ಅವನು ವಾದ ಮಾಡುವವನಲ್ಲ. ಮಾವಶಿಯ ಪರಿಚಯವೇ ಇಲ್ಲದ ಇಬ್ಬರು ಕೊಟ್ಟ ನಂಬರ್ ಇದು, ಇನ್ನೇನು ಬೇಕು ಎಂದ. ಭೀಮವ್ವನ ಕೆಲಸ ಮುಂದುವರಿಸಿ ಠರಾವಾಯಿತು. ಆದರೆ ಇನ್ನು ಮೇಲೆ ರುಚಿ ನೋಡುವವರು ಯಾರು ಎಂಬ ಪ್ರಶ್ನೆ ಉಳಿಯಿತು. ಪಾಲಕರಲ್ಲಿ ಒಬ್ಬ ತಾಯಿ ನೋಡಬಹುದೆಂದು ನಿಯಮವಿದೆ. ದೀಪಾಲಿ ಕೈಯೆತ್ತಿದಳು. ಮನೆಗೆ ಹೋಗಿ ಅತ್ತಿಗೆಗೆ ಏನು ಹೇಳುವುದೆಂದು ಯೋಚಿಸುತ್ತಿದ್ದ ಮಿಥುನ ತಕ್ಷಣ ಅದನ್ನೂ ಠರಾವು ಮಾಡಿಸಿದ.

ಮರುದಿನ ದೀಪಾಲಿ ಒಂದು ಚಮಚ ತಿಂದು, ಆಕಾಶ ನೋಡಿ, ಇನ್ನೊಂದು ಚಮಚ ತಿಂದು, ವಹಿಯಲ್ಲಿ ‘ಉಪ್ಪು ಒಂದು ಚಿಟಿಕೆ ಹೆಚ್ಚು’ ಎಂದು ಬರೆದು ಸಹಿ ಹಾಕಿ ಹೋದಳು.

ಮುರುಗೆಪ್ಪನವರು ಆಫೀಸಿನಲ್ಲೇ ಕೂತಿದ್ದರು. ಕಿಟಕಿಯ ಹತ್ತಿರ ಅವರಿಗೆ ಈಗ ಕೆಲಸವಿರಲಿಲ್ಲ. ಭೀಮವ್ವ ಒಂದು ತಟ್ಟೆ ತಂದು ರಜಿಸ್ಟರುಗಳ ಮೇಲೆ ಇಟ್ಟಳು.

“ಉಣ್ರಿ ಸರ್. ಆರಿ ಹೋಗತದ.”

ಅವರು ತಲೆಯೆತ್ತಿದರು. “ಇಷ್ಟ ದಿನಾ ಮರಾಠಿ ಯಾಕ ಹಿಡದಿದ್ರಿ?”

“ನನಗ ಕನ್ನಡದಾಗ ಸುಳ್ಳ ಹೇಳಿದ್ರಿ. ಸಾಹೇಬ್ರಿಗೆ ಮರಾಠಿದಾಗ ಖರೇ ಹೇಳಿದ್ರಿ. ನಿಮ್ಮ ಜೋಡಿ ಯಾವುದು ನಡೀತದ ನೋಡೂಣು ಅಂತ.”

“ತಪ್ಪಾತು.”

“ಆತು, ಉಣ್ರಿ.”

ಅವರು ಒಂದು ತುತ್ತು ತಿಂದರು. ಅವಳು ಹೋಗಲಿಲ್ಲ, ಬಾಗಿಲಿಗೆ ಒರಗಿ ನಿಂತಳು. ಹೇಗಿದೆಯೆಂದೂ ಕೇಳಲಿಲ್ಲ.

“ಮೆಂತ್ಯಾ ಹಾಕೀನಿ,” ಅಂದಳು, “ಸ್ವಲ್ಪ ಕಹಿ ಅದ, ಆಮ್ಯಾಲೆ ಬೆಲ್ಲ ಹತ್ತತದ. ಉಪ್ಪ ಸರಿ ಅದ. ಆಕಿ ಏನರ ಬರೀಲಿ.”